ಸಿರುಗುಪ್ಪ ರಸ್ತೆಯ ಅಲೈನ್‌ಮೆಂಟ್ ಶೆಡ್: ಬಲಕ್ಕೆ ಎಳೆಯುತ್ತಿದ್ದ ಕಾರಿನ ಲೆಕ್ಕ

ಬಳ್ಳಾರಿಯಿಂದ ಸಿರುಗುಪ್ಪದ ಕಡೆಗೆ ಹೊರಟರೆ ಊರು ಮುಗಿಯುವ ಮುನ್ನ ಸಿಗುವ ಈ ತಗಡಿನ ಶೆಡ್ಡಿನ ಬೋರ್ಡಿನಲ್ಲಿ ಅಂಗಡಿಯ ಹೆಸರಿಗಿಂತ ಟೈರ್ ಕಂಪನಿಯ ಜಾಹೀರಾತೇ ದೊಡ್ಡದು. ಹೀಗಾಗಿ ಇದು ಬರೀ ಟೈರ್ ಮಾರುವ ಜಾಗವೆಂದುಕೊಂಡು ಎರಡು ವರ್ಷ ಅದರ ಮುಂದೆಯೇ ಹಾದುಹೋಗುತ್ತಿದ್ದೆ. ಕಳೆದ ಮೇ ತಿಂಗಳಲ್ಲಿ ನನ್ನ ಸ್ವಿಫ್ಟ್ ಕಾರನ್ನು ಅಲ್ಲಿಗೆ ಒಯ್ದದ್ದು ಬೇರೆ ದಾರಿ ಕಾಣದೆ.

ತೋರಣಗಲ್ಲಿನಿಂದ ಒಂದು ರಾತ್ರಿ ಬರುವಾಗ ಅದಿರು ಲಾರಿಗೆ ದಾರಿ ಬಿಡಲು ಪಕ್ಕಕ್ಕೆ ಸರಿದು, ಮುಂದಿನ ಎಡಚಕ್ರವನ್ನು ಗುಂಡಿಗೆ ಇಳಿಸಿದ್ದೆ. ಅಂದಿನಿಂದ ಸ್ಟೀರಿಂಗಿನ ಹಿಡಿತ ಸಡಿಲಿಸಿದರೆ ಸಾಕು, ಕಾರು ಬಲಕ್ಕೆ ಎಳೆಯತೊಡಗಿತು. ಊರಿನ ಇನ್ನೊಂದು ಕಡೆ ನಾಲ್ಕು ತಿಂಗಳಲ್ಲಿ ಎರಡು ಬಾರಿ ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸಿದೆ. ಎರಡೂ ಸಲ ಪರದೆಯ ಮೇಲೆ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಅಂಕಿಗಳು ಹಸಿರಾದವು, ಸ್ಟೀರಿಂಗ್ ನೆಟ್ಟಗಾಯಿತು, ಎಳೆತ ಮಾತ್ರ ಹಾಗೆಯೇ ಉಳಿಯಿತು. ಪ್ರಿಂಟ್ ಕೊಡಿ ಎಂದರೆ ಪ್ರಿಂಟರ್ ಕೆಟ್ಟಿದೆ ಎಂದರು. ಎಡ ಟೈರಿನ ಒಳ ಅಂಚು ಸವೆದದ್ದನ್ನು ತೋರಿಸಿದರೆ ಹೊಸ ಟೈರ್ ಹಾಕಿಸಿ ಎಂದರು.

ಈ ಶೆಡ್ಡಿನ ಮೇಸ್ತ್ರಿ ಕಾರನ್ನು ತಕ್ಷಣ ಯಂತ್ರಕ್ಕೆ ಹತ್ತಿಸಲಿಲ್ಲ. "ಮಷಿನ್ ಆಮೇಲೆ ಸರ್, ಮೊದಲು ಟೈರಿಗೆ ಕೈ ಆಡಿಸಿ ನೋಡ್ರಿ" ಎಂದು ನನ್ನ ಅಂಗೈಯನ್ನೇ ಟೈರಿನ ಅಡ್ಡಕ್ಕೆ ಒಮ್ಮೆ ಒಳಗಿನಿಂದ ಹೊರಗೆ, ಒಮ್ಮೆ ಹೊರಗಿನಿಂದ ಒಳಗೆ ಎಳೆಸಿದರು. ಟೋ ತಪ್ಪಿದ ಟೈರು ಒಂದು ದಿಕ್ಕಿಗೆ ನುಣುಪಾಗಿಯೂ ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆಯೂ ತಾಕುತ್ತದೆಯಂತೆ. ನನ್ನದು ಎರಡೂ ಕಡೆಗೆ ನುಣುಪಾಗಿತ್ತು, ಒಳ ಅಂಚು ಮಾತ್ರ ತೆಳ್ಳಗಾಗಿತ್ತು; ಅದು ಕ್ಯಾಂಬರ್‌ನ ಗುರುತು, ಅಂದರೆ ಚಕ್ರದ ತಲೆ ಒಳಗೆ ವಾಲಿದೆ ಎಂದರ್ಥ. ಟೋ ಕಡೆಗಣಿಸುವ ವಿಷಯವೆಂದು ಇದರ ಅರ್ಥವಲ್ಲ: ಒಂದು ಚಕ್ರ ಕಾಲು ಡಿಗ್ರಿ ವಾರೆಯಾಗಿದ್ದರೂ ಆ ಟೈರು ಪ್ರತಿ ಕಿಲೋಮೀಟರಿಗೆ 4 ಮೀಟರಿಗಿಂತ ಹೆಚ್ಚು ಅಡ್ಡಕ್ಕೆ ಉಜ್ಜಿದ ಲೆಕ್ಕವಾಗುತ್ತದೆ. ಆದರೆ ಮುಂದಿನ ಟೋ ತಪ್ಪಿದಾಗ ಟೈರು ಸವೆದು ಸ್ಟೀರಿಂಗ್ ಸೊಟ್ಟಗಾಗುತ್ತದೆಯೇ ಹೊರತು ಒಂದೇ ಕಡೆಯ ಎಳೆತ ಹುಟ್ಟುವುದು ಕಡಿಮೆ, ಏಕೆಂದರೆ ಓಡುವಾಗ ಆ ತಪ್ಪನ್ನು ಎರಡೂ ಚಕ್ರಗಳು ಸಮನಾಗಿ ಹಂಚಿಕೊಳ್ಳುತ್ತವೆ. ಹಿಂದಿನವರು ಎರಡು ಸಲ ತಿರುಗಿಸಿದ್ದು ಬರೀ ಟೋ ಬದಲಿಸುವ ಟೈ ರಾಡನ್ನು.

ಆಮೇಲೆ ನಾಲ್ಕೂ ಟೈರಿನ ಗಾಳಿ ಸರಿಮಾಡಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಐದಾರು ಕಿಲೋಮೀಟರ್ ಓಡಿಸಿದರು. ಎರೆಭೂಮಿಯ ಮೇಲಿನ ಆ ರಸ್ತೆ ಅಲ್ಲಲ್ಲಿ ಅಲೆಯಂತೆ ಏರಿಳಿಯುವುದರಿಂದ, ಸಮತಟ್ಟಾದ ತುಂಡು ಸಿಗುವವರೆಗೆ ಏನನ್ನೂ ಹೇಳಲಿಲ್ಲ. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ನಡುವೆ ಎತ್ತರಿಸಿ ಅಂಚಿಗೆ ಇಳಿಜಾರು ಕೊಟ್ಟಿರುತ್ತಾರಾದ್ದರಿಂದ, ಎಡಬದಿಯಲ್ಲಿ ಓಡುವ ನಮ್ಮ ಗಾಡಿಗಳು ತುಸು ಎಡಕ್ಕೆ ಜಾರುವುದು ಸಹಜ. ಆ ಇಳಿಜಾರಿಗೆ ಎದುರಾಗಿ ಬಲಕ್ಕೆ ಹೋಗುತ್ತಿದೆ ಎಂದರೆ ರಸ್ತೆಯನ್ನು ದೂರುವಂತಿಲ್ಲ ಎಂದರು. ಇಷ್ಟು ಸರಳವಾದ ಮಾತು ನಾಲ್ಕು ತಿಂಗಳಲ್ಲಿ ನನಗೂ ಹೊಳೆದಿರಲಿಲ್ಲ. ಮರಳಿ ಬಂದು ಮುಂದಿನ ಎರಡು ಚಕ್ರಗಳ ಬಿಸಿಯನ್ನು ಹೋಲಿಸಿ ಬ್ರೇಕ್ ಹಿಡಿದುಕೊಳ್ಳುತ್ತಿಲ್ಲವೆಂದು ಖಚಿತಪಡಿಸಿಕೊಂಡರು. ಮುಂದಿನ ಟೈರುಗಳನ್ನು ಎಡಬಲ ಅದಲುಬದಲು ಮಾಡಿ ಇನ್ನೊಂದು ಸುತ್ತು ಹೋದರು. ದೋಷ ಟೈರಿನದಾಗಿದ್ದರೆ ಎಳೆತದ ದಿಕ್ಕೂ ಬದಲಾಗಬೇಕಿತ್ತು, ಬದಲಾಗಲಿಲ್ಲ. ಕಾರನ್ನೆತ್ತಿ ಚಕ್ರವನ್ನು ಮೇಲೆ ಕೆಳಗೆ, ಎಡಬಲ ಹಿಡಿದು ಅಲ್ಲಾಡಿಸಿ ಬಾಲ್ ಜಾಯಿಂಟ್, ಬೇರಿಂಗ್, ಟೈ ರಾಡಿನ ತುದಿಗಳನ್ನೂ ನೋಡಿದರು. ಎಲ್ಲಿಯೂ ಆಟ ಇರಲಿಲ್ಲ.

ಯಂತ್ರದ ಮೇಲೆ ಬಂದ ಅಂಕಿಗಳ ಪ್ರಿಂಟ್ ಈಗಲೂ ನನ್ನ ಬಳಿ ಇದೆ. ಎಡಗಡೆಯ ಕ್ಯಾಂಬರ್ ಮೈನಸ್ 1 ಡಿಗ್ರಿ 40 ನಿಮಿಷ, ಬಲಗಡೆಯದು ಮೈನಸ್ 25 ನಿಮಿಷ (60 ನಿಮಿಷಕ್ಕೆ ಒಂದು ಡಿಗ್ರಿ; ಮೈನಸ್ ಎಂದರೆ ಚಕ್ರದ ತಲೆ ಒಳಗೆ ವಾಲಿದೆ ಎಂದು). ಕಾರು ಕ್ಯಾಂಬರ್ ಹೆಚ್ಚು ಪ್ಲಸ್ ಇರುವ ಕಡೆಗೆ, ಎಂದರೆ ಇಲ್ಲಿ ಬಲಕ್ಕೆ, ಎಳೆಯುತ್ತದೆ. ಕ್ಯಾಸ್ಟರ್, ಅಂದರೆ ಸ್ಟೀರಿಂಗಿಗೆ ಚಕ್ರ ತಿರುಗುವ ರೇಖೆ ಪಕ್ಕದಿಂದ ನೋಡಿದಾಗ ಹಿಂದಕ್ಕೆ ವಾಲಿರುವ ಕೋನ, ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇತ್ತು. ಗುಂಡಿಯ ಪೆಟ್ಟಿಗೆ ಎಡಚಕ್ರ ಹಿಂದೆ ಸರಿದು ಅಲ್ಲಿನ ಕ್ಯಾಸ್ಟರ್ ಇಳಿದಿದ್ದರೆ ಕಾರು ಎಡಕ್ಕೇ ಎಳೆಯಬೇಕಿತ್ತು. ಮೇಸ್ತ್ರಿಯ ಬೆರಳು ನಿಂತದ್ದು ಕಿಂಗ್‌ಪಿನ್ ಕೋನದ ಮೇಲೆ. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಯಾವ ರೇಖೆಯ ಸುತ್ತ ತಿರುಗುತ್ತದೋ, ಅಂದರೆ ಸ್ಟ್ರಟ್ಟಿನ (ಚಕ್ರವನ್ನು ಬಾಡಿಗೆ ಜೋಡಿಸುವ ಶಾಕ್ ಅಬ್ಸಾರ್ಬರ್ ಕಂಬ) ಮೇಲಿನ ಮೌಂಟಿನಿಂದ ಕೆಳಗಿನ ಬಾಲ್ ಜಾಯಿಂಟಿನವರೆಗಿನ ರೇಖೆ, ಅದು ಒಳಗೆ ಎಷ್ಟು ಬಾಗಿದೆ ಎಂಬುದೇ ಈ ಕೋನ. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್ ಮಣಿದಿದ್ದರೆ ಅಥವಾ ಬಾಡಿಯಲ್ಲಿ ಸ್ಟ್ರಟ್ ಕೂರುವ ಜಾಗವೇ ಸರಿದಿದ್ದರೆ ಕ್ಯಾಂಬರ್ ಜೊತೆಗೆ ಇದೂ ಬದಲಾಗುತ್ತದೆ. ನನ್ನ ಕಾರಿನಲ್ಲಿ ಇದು ಎರಡೂ ಕಡೆ ಸಮನಿದ್ದು ಕ್ಯಾಂಬರ್ ಮಾತ್ರ ಬೇರೆಯಾಗಿತ್ತು. ಆದ್ದರಿಂದ ಬಾಗಿದ್ದು ಸ್ಟ್ರಟ್ ಇಲ್ಲವೇ ಚಕ್ರ ಕೂರುವ ನಕಲ್. ಸ್ಟ್ರಟ್ಟಿನ ಮೇಲಿನ ನಟ್ ಸಡಿಲಿಸಿ, ನಡುವಿನ ಕಡ್ಡಿಯನ್ನು ಅಲೆನ್ ಕೀಲಿಯಿಂದ ನಿಧಾನವಾಗಿ ತಿರುಗಿಸುತ್ತ, ಪರದೆ ನೋಡಿ ಎಂದರು. ಕಡ್ಡಿ ತಿರುಗಿದಂತೆಲ್ಲ ಕ್ಯಾಂಬರ್ ಅಂಕಿ ಏರಿ ಇಳಿಯುತ್ತಿತ್ತು. ನೆಟ್ಟಗಿರುವ ಕಡ್ಡಿಯಾಗಿದ್ದರೆ ಅದು ಕದಲುತ್ತಿರಲಿಲ್ಲ.

ಎರಡೂ ಕಡೆಯ ಸ್ಟ್ರಟ್, ಮೌಂಟ್, ಕೂಲಿ ಸೇರಿ 6,800 ರೂಪಾಯಿ, ಅಲೈನ್‌ಮೆಂಟಿಗೆ 500 ರೂಪಾಯಿ ಆಯಿತು. ಈ ಕಾರಿನಲ್ಲಿ ಕ್ಯಾಂಬರ್ ಹೊಂದಿಸಲು ಕಂಪನಿ ಸ್ಕ್ರೂ ಕೊಟ್ಟಿಲ್ಲವಾದ್ದರಿಂದ ಬಾಗಿದ ಭಾಗ ಬದಲಿಸುವುದೇ ದಾರಿ. ಬದಲಿಸಿದ ಮೇಲೆ ಎಡಗಡೆಯದು ಮೈನಸ್ 30 ನಿಮಿಷಕ್ಕೆ ಬಂದಿತು. ಟೋ ಹೊಂದಿಸಿದ್ದು ಎಲ್ಲಕ್ಕಿಂತ ಕೊನೆಗೆ. ಟೈ ರಾಡಿನ ಚೆಕ್ ನಟ್ ಬಿಗಿಮಾಡುವಾಗಲೂ ಟೋ ತುಸು ಕದಲುತ್ತದೆಂದು, ಬಿಗಿದ ಮೇಲೆ ಅಂಕಿಗಳನ್ನು ಮತ್ತೊಮ್ಮೆ ತೋರಿಸಿದರು. ಕಾರು ಈಗ ನೆಟ್ಟಗೆ ಹೋಗುತ್ತಿದೆ.

ದೂರುಗಳೂ ಇವೆ. ಕ್ಲ್ಯಾಂಪ್ ಹಾಕುವ ಹುಡುಗನ ಅವಸರಕ್ಕೆ ಬಲಗಡೆಯ ಅಲಾಯ್ ರಿಮ್ಮಿನ ಅಂಚಿನಲ್ಲಿ ಗೀರು ಬಿದ್ದಿದೆ. ಹೇಳಿದಾಗ ಮೇಸ್ತ್ರಿ ಒಪ್ಪಿಕೊಂಡರು, ಹಣ ಮಾತ್ರ ಕಡಿಮೆ ಮಾಡಲಿಲ್ಲ. ಅಲೈನ್‌ಮೆಂಟ್ ನಂತರ ಸ್ಟೀರಿಂಗ್ ಸೆನ್ಸರನ್ನು ಸ್ಕ್ಯಾನರ್ ಹಾಕಿ ಸೊನ್ನೆಗೆ ತರಬೇಕಾದ ಹೊಸ ಕಾರುಗಳನ್ನು ಇಲ್ಲಿ ಪೂರ್ತಿ ಮುಗಿಸಿ ಕೊಡುವುದಿಲ್ಲ, ಆ ಕೆಲಸಕ್ಕೆ ಷೋರೂಮಿಗೇ ಕಳಿಸುತ್ತಾರೆ. ಪರೀಕ್ಷೆಗೇ ಮೂರೂವರೆ ಗಂಟೆ ಹಿಡಿಯಿತು, ಕೂರಲು ಇರುವುದು ಹಳೆಯ ಟೈರುಗಳ ಅಟ್ಟಿ, ಮೇಲೆ ಬಳ್ಳಾರಿಯ ಮೇ ತಿಂಗಳಿಗೆ ಕಾದ ತಗಡು. ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಕಾರು ಬಿಟ್ಟು ಆಟೋ ಹಿಡಿದು ಮನೆಗೆ ಬರುವುದು ಒಳ್ಳೆಯದು. ಮೇಸ್ತ್ರಿ ಇಲ್ಲದ ಹೊತ್ತಿನಲ್ಲಿ ಹೋದರೆ ಹುಡುಗರು ಇಲ್ಲಿಯೂ ನೇರವಾಗಿ ಯಂತ್ರಕ್ಕೇ ಹತ್ತಿಸುತ್ತಾರೆ.