ಫ್ಯಾಂಡಲಿನ್ ಎಂಬ ಪುಟ್ಟ ಊರು: ಮೂರು ವರ್ಷ ಆಡಿದ ಮೇಲೆ

ಬಸವನಗುಡಿಯ ನಮ್ಮ ಮನೆಯ ಹಾಲ್‌ನಲ್ಲಿ ಭಾನುವಾರ ಊಟವಾದ ಮೇಲೆ ಚಾಪೆ ಹಾಸಿ ಐದು ಜನ ಕೂತರೆ, ಏಳುವುದು ದೀಪ ಹಚ್ಚುವ ಹೊತ್ತಿಗೆ. ಮೂರು ವರ್ಷದಿಂದ ಹೀಗೇ. ಈ ಭಾನುವಾರಗಳಲ್ಲಿ ಹೆಚ್ಚಿನವು ಕಳೆದದ್ದು ಫ್ಯಾಂಡಲಿನ್‌ನಲ್ಲಿ. ಡಂಜನ್ಸ್ ಅಂಡ್ ಡ್ರಾಗನ್ಸ್ ಎಂದರೆ ಒಬ್ಬರು ಕತೆ ನಡೆಸುತ್ತಾ ಹೋಗಿ, ಉಳಿದವರು ಅದರ ಪಾತ್ರಗಳಾಗಿ ಮಾತಾಡಿ, ದಾಳ ಉರುಳಿಸಿ ಆಡುವ ಆಟ. ಅದರ 2014ರ ಸ್ಟಾರ್ಟರ್ ಸೆಟ್ ಡಬ್ಬದಲ್ಲಿ 32 ಪುಟದ ನಿಯಮಗಳು, ಆರು ದಾಳ, ಸಿದ್ಧವಾಗಿರುವ ಐದು ಪಾತ್ರಗಳು ಮತ್ತು 64 ಪುಟದ ಒಂದು ಸಾಹಸವಿದೆ. ಆ ಸಾಹಸದ ನಟ್ಟನಡುವೆ ಇರುವ ಊರು ಇದು. ಆಟ ನಡೆಸುವವನು ನಾನು.

ನಲವತ್ತೈವತ್ತು ಮರದ ಕಟ್ಟಡ, ಅಷ್ಟೇ. ಹಳೇ ಊರನ್ನು ಆರ್ಕ್ ಎಂಬ ರಕ್ಕಸರು ಶತಮಾನಗಳ ಹಿಂದೆಯೇ ಹಾಳುಗೆಡವಿದ್ದರು. ಅಳಿದುಳಿದ ಕಲ್ಲಿನ ತಳಪಾಯದ ಮೇಲೆ ಈಗಿನವರು ಮನೆ ಎಬ್ಬಿಸಿದ್ದಾರೆ. ಒಂದೊಂದು ಬಾಗಿಲು ತಟ್ಟಿದರೂ ಏನೋ ಬೇಕಾಗಿರುವ ಒಬ್ಬ ಮನುಷ್ಯ ಸಿಗುತ್ತಾನೆ. ಗುಡಿಯ ಸಿಸ್ಟರ್ ಗರೇಲ್‌ಗೆ ಬೆಳ್ಳಿಯ ಬಾಚಣಿಗೆಯೊಂದನ್ನು ಅಗಾಥಾ ಎಂಬ ಪ್ರೇತಕ್ಕೆ ತಲುಪಿಸಬೇಕು. ತೋಟದ ಡಾರನ್ ಎಡರ್ಮತ್ ಕತ್ತಿ ಕೆಳಗಿಟ್ಟ ಹಳೇ ಸಾಹಸಿ. ಸ್ಲೀಪಿಂಗ್ ಜೈಂಟ್ ಎಂಬ ಹೆಂಡದಂಗಡಿಯಲ್ಲಿ ಕೆಂಪು ಮೇಲಂಗಿಯ ರೆಡ್‌ಬ್ರಾಂಡ್ ಪುಂಡರು ಕೂತಿರುತ್ತಾರೆ, ಊರಿಗೆ ಊರೇ ಅವರಿಗೆ ಹೆದರುತ್ತದೆ. ದೊಡ್ಡ ನಗರವಾಗಿದ್ದರೆ ಯಾರು ಯಾರೆಂದು ಚೀಟಿ ನೋಡಿ ಹೇಳಬೇಕಾಗುತ್ತಿತ್ತು. ಇಲ್ಲಿ ಎರಡನೇ ವಾರಕ್ಕೇ ನಮ್ಮವರೆಲ್ಲ ಹೆಸರು ಹಿಡಿದು ಮಾತಾಡಿಸತೊಡಗಿದರು.

ನಾವು ಆಡುವುದು ಕನ್ನಡದಲ್ಲಿ. ಪುಸ್ತಕದ ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯು’. ಕನ್ನಡದಲ್ಲಿ ಬಾಯಿ ತೆರೆಯುವ ಮೊದಲೇ ನೀನೋ ನೀವೋ ಎಂದು ನಾನು ತೀರ್ಮಾನಿಸಬೇಕು, ಅಲ್ಲಿಗೆ ಪಾತ್ರ ಅರ್ಧ ಸಿದ್ಧವಾದ ಹಾಗೆ. ರೆಡ್‌ಬ್ರಾಂಡಿನವನು “ಯಾವೂರ್ಲಾ ನಿಂದು?” ಅಂದರೆ ಆಡುವವರ ಕೈ ತಾನಾಗಿ ಇಪ್ಪತ್ತು ಮುಖದ ದಾಳಕ್ಕೆ ಹೋಗುತ್ತದೆ. ಹೊಲದ ಮನೆಯ ಕ್ವೆಲಿನ್ ಆಲ್ಡರ್‌ಲೀಫ್ “ಕೂತ್ಕೊಳ್ರಪ್ಪಾ, ಮೊದ್ಲು ಏನಾದ್ರೂ ತಿನ್ನಿ” ಅನ್ನುತ್ತಾಳೆ. ಹನ್ನೆರಡು ವರ್ಷದ ನನ್ನ ಅಕ್ಕನ ಮಗಳು ಅವಳನ್ನು ಮೊದಲ ದಿನದಿಂದಲೂ ಅತ್ತೆ ಎಂದೇ ಕರೆದಳು. ಪುಂಡರ ಅಡಗುತಾಣಕ್ಕೆ ಹೋಗುವ ಗುಟ್ಟಿನ ದಾರಿ ಗೊತ್ತಿರುವುದು ಕ್ವೆಲಿನ್‌ಳ ಮಗ ಕಾರ್ಪ್‌ಗೆ. ಅಲ್ಲಿಗೆ ಹೊರಡುವಾಗ “ಅವನನ್ನ ಮಾತ್ರ ಕರ್ಕೊಂಡು ಹೋಗೋದು ಬೇಡ, ಅತ್ತೆಗೆ ಏನಂತ ಹೇಳೋದು?” ಎಂದು ಹುಡುಗಿ ಹಟ ಹಿಡಿದಳು. ಆ ಸಾಲು ಯಾವ ಪುಟದಲ್ಲೂ ಇಲ್ಲ.

ಕೊರತೆಯೂ ಇದೆ. ಹೆಸರು, ಕತೆ ಇರುವುದು ಕೆಲವೇ ಕಟ್ಟಡಗಳಿಗೆ. ಉಳಿದ ಮನೆಗಳಲ್ಲಿ ಯಾರಿದ್ದಾರೆ ಎಂಬುದನ್ನು ನಾವೇ ತುಂಬಬೇಕು. ಪುಂಡರು ತೊಲಗಿದ ಮೇಲೆ ಊರಿನ ಬಾಳು ಹೇಗೆ ಬದಲಾಗುತ್ತದೆ ಎಂಬುದೂ ನಮ್ಮ ಪಾಲಿಗೇ. ನಾನು ವಾರದ ಸಂತೆ ಸೇರಿಸಿದೆ, ಅದು ಚೆನ್ನಾಗಿ ಕೂಡಿಬಂತು. ನಕ್ಷೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ ಲ್ಯಾಮಿನೇಟ್ ಹಾಕಿಸಿ, ಇಲ್ಲದಿದ್ದರೆ ಕಾಫಿ ಲೋಟದ ಕಲೆ ಊರಿನ ಮಧ್ಯಕ್ಕೇ ಬೀಳುತ್ತದೆ.

ಕೊಳ್ಳುವವರು ಒಂದು ಗಮನಿಸಿ: 2022ರ ಸ್ಟಾರ್ಟರ್ ಸೆಟ್‌ನಲ್ಲಿ ಈ ಊರಿಲ್ಲ, ಅದರ ಕತೆಯೇ ಬೇರೆ. ಫ್ಯಾಂಡಲಿನ್ ಬೇಕೆಂದರೆ 2014ರ ಡಬ್ಬ, 2019ರ ಎಸೆನ್ಷಿಯಲ್ಸ್ ಕಿಟ್, ಅಥವಾ 2023ರ ದೊಡ್ಡ ಪುಸ್ತಕ ಹುಡುಕಬೇಕು. ಹಳೇ ಡಬ್ಬ ಪಾತ್ರಗಳನ್ನು ಐದನೇ ಹಂತದವರೆಗೆ ಬೆಳೆಸಿ ನಿಲ್ಲುತ್ತದೆ, 2023ರದ್ದು ಹನ್ನೆರಡರವರೆಗೆ ಒಯ್ಯುತ್ತದೆ. ಹೊಸಬರಿಗೆ ನಾನು ಹಳೆಯದನ್ನೇ ಹೇಳುತ್ತೇನೆ, ತೆಳುವಾಗಿದೆ, ಒಂದೇ ವಾರದಲ್ಲಿ ಓದಿ ಮುಗಿಯುತ್ತದೆ.

ಊರಿನ ಯಜಮಾನ ಹಾರ್ಬಿನ್ ವೆಸ್ಟರ್ ಪುಕ್ಕಲ. ಪುಂಡರಿಗೆ ‘ಸಾರ್’, ನಮ್ಮವರಿಗೆ ‘ಏನಯ್ಯ’, ‘ಏನಮ್ಮ’. ರೆಡ್‌ಬ್ರಾಂಡ್ ಗುಂಪು ಮುರಿದ ಮಾರನೇ ವಾರ ಅವನ ಬಾಯಲ್ಲಿ “ಬನ್ನಿ, ನೀವು ಕೂತ್ಕೊಳ್ಳಿ” ಅನ್ನಿಸಿದೆ. ಯಾರಿಗೂ ವಿವರಿಸಿರಲಿಲ್ಲ. ಹುಡುಗಿ ಚಾಪೆ ಮೇಲಿಂದ ಎದ್ದೇ ನಿಂತಳು: “ಮಾಮ, ಅವ್ರು ನಂಗೆ ನೀವು ಅಂದ್ರು!”