ಆಲೂಗಡ್ಡೆ ರೈಸರ್: ಗಂಟೂ ಇಲ್ಲದ, ಅಂಟೂ ಇಲ್ಲದ ಮ್ಯಾಶ್‌ಗೆ

ಮ್ಯಾಶ್ಡ್ ಪೊಟ್ಯಾಟೊ ಕೆಡುವುದು ಹೆಚ್ಚಾಗಿ ಎರಡು ರೀತಿಯಲ್ಲಿ. ಒಂದೋ ಬಾಯಿಗೆ ಗಂಟು ಸಿಗುತ್ತದೆ, ಇಲ್ಲವೇ ಚಮಚ ಎತ್ತಿದರೆ ಗೋಂದಿನ ಹಾಗೆ ಜಗ್ಗುತ್ತದೆ. ಗಂಟು ಒಡೆಯಲಿ ಎಂದು ಇನ್ನಷ್ಟು ಹಿಸುಕಿದರೆ ಅಂಟಾಗುತ್ತದೆ, ಅಂಟಾದೀತು ಎಂದು ಕೈ ತಡೆದರೆ ಗಂಟು ಉಳಿಯುತ್ತದೆ. ಈ ಇಕ್ಕಟ್ಟಿನಿಂದ ಬಿಡಿಸುವ ಸಾಧನ ರೈಸರ್. ಬೆಳ್ಳುಳ್ಳಿ ಒತ್ತುವ ಪ್ರೆಸ್ ನಾಲ್ಕೈದು ಪಟ್ಟು ದೊಡ್ಡದಾದರೆ ಹೇಗಿರುತ್ತದೋ ಹಾಗೇ ಇದೆ: ತೂತುಗಳಿರುವ ಒಂದು ಬಟ್ಟಲು, ಅದರೊಳಗೆ ಇಳಿಯುವ ಒತ್ತುಬಿಲ್ಲೆ, ಎರಡು ಉದ್ದನೆಯ ಹಿಡಿ. ಬೆಂದ ಹೋಳು ಹಾಕಿ ಹಿಡಿ ಅಮುಕಿದರೆ ಆಲೂಗಡ್ಡೆ ಶಾವಿಗೆಯಂತೆ ಎಳೆಯಾಗಿ ಕೆಳಗಿಳಿಯುತ್ತದೆ.

ಇದು ಗೆಲ್ಲುವುದು ಯಾಕೆಂದರೆ ಆಲೂಗಡ್ಡೆಯ ಪ್ರತಿ ಭಾಗವನ್ನೂ ಒಂದೇ ಸಲ ಮುಟ್ಟುತ್ತದೆ. ಬೇಯುವಾಗ ಜೀವಕೋಶಗಳ ಒಳಗಿನ ಪಿಷ್ಟ ನೀರು ಹೀರಿ ಉಬ್ಬಿರುತ್ತದೆ, ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟಿದ್ದ ಪೆಕ್ಟಿನ್ ಸಡಿಲವಾಗಿರುತ್ತದೆ. ಮೆಲ್ಲಗೆ ಒತ್ತಿದರೆ ಕೋಶಗಳು ಒಡೆಯದೆ ಒಂದರಿಂದೊಂದು ಬಿಟ್ಟುಕೊಳ್ಳುತ್ತವೆ, ಆಗ ಮ್ಯಾಶ್ ಹಗುರವಾಗಿರುತ್ತದೆ. ಅವನ್ನೇ ಹರಿದು ಕೊಚ್ಚಿದರೆ ಒಳಗಿನ ಪಿಷ್ಟ ಹೊರಬಂದು ಎಲ್ಲವನ್ನೂ ಅಂಟಿಸಿಬಿಡುತ್ತದೆ. ಮಿಕ್ಸಿ, ಫುಡ್ ಪ್ರೊಸೆಸರ್ ಎರಡನ್ನೂ ಈ ಕೆಲಸಕ್ಕೆ ಹತ್ತಿರ ಸೇರಿಸಬಾರದು. ಕೆಲವೇ ಸೆಕೆಂಡಿನಲ್ಲಿ ಮ್ಯಾಶ್ ಗೋಂದಾಗುತ್ತದೆ, ಆಮೇಲೆ ಎಷ್ಟು ಬೆಣ್ಣೆ ಸುರಿದರೂ ಅದು ಹಿಂದಕ್ಕೆ ಬರುವುದಿಲ್ಲ.

ರೈಸರ್ ಕೊಂಡ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಇದರ ಬಗ್ಗೆ ಕೇಳಿಬರುವ ದೂರುಗಳಲ್ಲಿ ಬಹುಪಾಲು ಬೇಯಿಸುವ ತಪ್ಪುಗಳು. ಬೆಂದಾಗ ಹಿಟ್ಟುಹಿಟ್ಟಾಗಿ ಬಿರಿಯುವ, ಪಿಷ್ಟ ಹೆಚ್ಚಿರುವ ಆಲೂಗಡ್ಡೆ ಬೇಕು. ಎಳೆಯವು, ಬೆಂದರೂ ಮೇಣದಂತೆ ಗಟ್ಟಿ ನಿಲ್ಲುವಂಥವು ಬೇಡ. ತಂದದ್ದು ಯಾವ ಬಗೆ ಎಂಬ ಅನುಮಾನವಿದ್ದರೆ 1 ಅಳತೆ ಉಪ್ಪಿಗೆ 11 ಅಳತೆ ನೀರು ಬೆರೆಸಿ ಅದರಲ್ಲಿ ಹಸಿ ಆಲೂಗಡ್ಡೆ ಬಿಡಿ. ಪಿಷ್ಟ ತುಂಬಿದ್ದು ಮುಳುಗುತ್ತದೆ, ಮೇಣದ ಜಾತಿಯದು ತೇಲುತ್ತದೆ.

1 ಕಿಲೋ ಆಲೂಗಡ್ಡೆಯನ್ನು ಸುಮಾರು 4 ಸೆಂ.ಮೀ. ಹೋಳು ಮಾಡಿ, ತಣ್ಣೀರಿನಲ್ಲೇ ಒಲೆಗಿಡಿ. ಕುದಿಯುವ ನೀರಿಗೆ ಹಾಕಿದರೆ ಹೊರಗೆ ಕರಗಿಹೋದರೂ ನಡುವೆ ಗಟ್ಟಿ ಉಳಿಯುತ್ತದೆ. ಗಂಟಿನ ಮೂಲವೇ ಅದು. ಲೀಟರ್ ನೀರಿಗೆ 10 ಗ್ರಾಂ ಉಪ್ಪು ಈಗಲೇ ಬೀಳಬೇಕು, ಆಮೇಲೆ ಮೇಲಿಂದ ಹಾಕಿದ ಉಪ್ಪು ಅಷ್ಟು ಒಳಗಿಳಿಯುವುದಿಲ್ಲ. ಹುಳಿ ಯಾವುದೂ ನೀರಿಗೆ ಬೀಳಬಾರದು, ಹುಳಿಯಲ್ಲಿ ಪೆಕ್ಟಿನ್ ಬೇಗ ಸಡಿಲವಾಗುವುದಿಲ್ಲ. ಕುದಿ ಬಂದ ಮೇಲೆ ಉರಿ ತಗ್ಗಿಸಿ 15ರಿಂದ 20 ನಿಮಿಷ. ಚಾಕುವಿನ ತುದಿ ತಡೆಯಿಲ್ಲದೆ ಇಳಿದು, ಹೋಳು ತಾನಾಗಿ ಜಾರಿ ಬಿದ್ದರೆ ಬೆಂದಿದೆ ಎಂದರ್ಥ. ಕುಕ್ಕರಿನಲ್ಲಿ ಮಾಡುವವರು ಹೋಳನ್ನು ನೀರಿಗೆ ಹಾಕದೆ, ಮೇಲಿನ ತಟ್ಟೆಯಲ್ಲಿಟ್ಟು ಹಬೆಯಲ್ಲೇ ಬೇಯಿಸಿದರೆ ಫಲ ಇನ್ನೂ ಚೆನ್ನಾಗಿ ಬರುತ್ತದೆ.

ಬಸಿದ ಮೇಲಿನ ಎರಡು ನಿಮಿಷವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹೋಳುಗಳನ್ನು ಅದೇ ಬಿಸಿ ಪಾತ್ರೆಗೆ ಹಾಕಿ, ಸಣ್ಣ ಉರಿಯಲ್ಲಿ ಪಾತ್ರೆಯನ್ನು ಅಲ್ಲಾಡಿಸುತ್ತಿರಿ. ಹಬೆ ದಟ್ಟವಾಗಿ ಏಳುತ್ತದೆ, ಆಮೇಲೆ ತೆಳುವಾಗುತ್ತದೆ. ಹೋಳಿನ ಅಂಚು ಬೆಳ್ಳಗೆ ಹಿಟ್ಟು ಬಳಿದಂತೆ ಕಂಡಾಗ ಇಳಿಸಿ. ಇಲ್ಲಿ ಆರಿಹೋಗುವ ನೀರಿನ ಜಾಗಕ್ಕೆ ಬೆಣ್ಣೆ, ಹಾಲು ಬರಬೇಕು. ನೀರು ಉಳಿದರೆ ಮ್ಯಾಶ್ ಸಪ್ಪೆ.

ಇನ್ನು ರೈಸರ್ ಕೈಗೆ. ಬಟ್ಟಲನ್ನು ಮೂರರಲ್ಲಿ ಎರಡು ಭಾಗ ಮಾತ್ರ ತುಂಬಿ. ಕಂಠಮಟ್ಟ ತುಂಬಿದರೆ ಆಲೂಗಡ್ಡೆ ತೂತಿನಿಂದ ಕೆಳಗಿಳಿಯುವ ಬದಲು ಒತ್ತುಬಿಲ್ಲೆಯ ಅಂಚಿನಿಂದ ಮೇಲಕ್ಕೆ ಉಕ್ಕಿ ಹಿಡಿಯ ಮೇಲೆ ಹರಿಯುತ್ತದೆ. ಸಾಧಾರಣ ಗಾತ್ರದ ಬಟ್ಟಲಾದರೆ ಒಂದು ಕಿಲೋಗೆ ಐದಾರು ಸಲ ಒತ್ತಬೇಕಾಗುತ್ತದೆ. ಬಿಸಿಯಿರುವಾಗಲೇ ಒತ್ತಿ ಮುಗಿಸಿ, ಆರಿದ ಆಲೂಗಡ್ಡೆ ಕೈಗೂ ಕಷ್ಟ, ಉಪಕರಣದ ಕೀಲಿಗೂ ಕಷ್ಟ. ಬೀಳುವ ಎಳೆಯ ಮೇಲೆ ಕಣ್ಣಿರಲಿ. ಸರಿಯಾಗಿ ಬೆಂದು ನೀರಾರಿದ್ದರೆ ಎಳೆ ಸ್ವಲ್ಪ ಇಳಿದು ತಾನೇ ಮುರಿಯುತ್ತದೆ, ಕೆಳಗೆ ಪಾತ್ರೆಯಲ್ಲಿ ಉದುರುದುರಾದ ರಾಶಿಯಾಗುತ್ತದೆ. ನೀರು ಕುಡಿದಿದ್ದರೆ ತೂತಿನ ಬಾಯಲ್ಲಿ ಹನಿ ಕಟ್ಟಿ, ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ದಪ್ಪ ಮುದ್ದೆಯಾಗಿ ಬೀಳುತ್ತದೆ. ಹಾಗಾದರೆ ಒತ್ತುವುದು ನಿಲ್ಲಿಸಿ, ಉಳಿದ ಹೋಳನ್ನು ಮತ್ತೆ ಒಲೆಯ ಮೇಲೆ ಆರಿಸಿ.

ಸಿಪ್ಪೆ ತೆಗೆಯದೆ ಬೇಯಿಸಿದರೂ ನಡೆಯುತ್ತದೆ. ಅರ್ಧಕ್ಕೆ ಕತ್ತರಿಸಿ, ಕತ್ತರಿಸಿದ ಮುಖ ತೂತಿನ ಕಡೆ ಬರುವಂತೆ ಇಟ್ಟು ಒತ್ತಿದರೆ ಸಿಪ್ಪೆ ಬಟ್ಟಲಲ್ಲೇ ಉಳಿಯುತ್ತದೆ. ಪ್ರತಿ ಸಲವೂ ಅದನ್ನು ಚಮಚದಿಂದ ಎತ್ತಿ ತೆಗೆಯಿರಿ, ಇಲ್ಲದಿದ್ದರೆ ಮುಂದಿನ ಸಲಕ್ಕೆ ಅರ್ಧ ತೂತು ಮುಚ್ಚಿರುತ್ತದೆ.

ಒತ್ತಿದ ರಾಶಿಗೆ ಮೊದಲು ಬೆಣ್ಣೆ, ಆಮೇಲೆ ಹಾಲು. ಬೆಣ್ಣೆಯ ಜಿಡ್ಡು ಪಿಷ್ಟವನ್ನು ಸುತ್ತಿಕೊಂಡರೆ ಹಾಲಿನ ನೀರು ಅದನ್ನು ಅಂಟಾಗಿಸುವುದು ಕಡಿಮೆ. ದಿನನಿತ್ಯಕ್ಕೆ 1 ಕಿಲೋಗೆ 100 ಗ್ರಾಂ ಬೆಣ್ಣೆ, 200 ಮಿ.ಲೀ. ಬಿಸಿ ಹಾಲು ಸಾಕು. ಹಾಲನ್ನು ಮೂರು ಕಂತಿನಲ್ಲಿ ಹಾಕಿ ಮರದ ಸೌಟಿನಿಂದ ಕೆಳಗಿನಿಂದ ಮೇಲಕ್ಕೆ ತಿರುವಿ, ಬೆರೆತ ಕೂಡಲೇ ನಿಲ್ಲಿಸಿ. ಹೆಸರಾಂತ ಫ್ರೆಂಚ್ ಬಾಣಸಿಗ ಜೋಯೆಲ್ ರೊಬುಶೋನ್ ಅವರ ಮ್ಯಾಶ್‌ನಲ್ಲಿ ಕಿಲೋಗೆ 250 ಗ್ರಾಂ ಬೆಣ್ಣೆ ಬೀಳುತ್ತಿತ್ತು. ಅಷ್ಟು ಬೆಣ್ಣೆ ಹಾಕುವುದಾದರೆ ಅದು ಫ್ರಿಜ್‌ನಿಂದ ತೆಗೆದ ತಣ್ಣನೆಯ ತುಂಡುಗಳಾಗಿರಲಿ, ಸ್ವಲ್ಪ ಸ್ವಲ್ಪವಾಗಿ ಬೆರೆಸಿ. ಒಟ್ಟಿಗೆ ಕರಗಿಸಿ ಸುರಿದರೆ ಜಿಡ್ಡು ಬೇರೆಯಾಗಿ ಮೇಲೆ ತೇಲುತ್ತದೆ.

ಬೇರೆ ಸಾಧನಗಳ ಜೊತೆ ಹೋಲಿಸಿದರೆ? ಅಲೆಅಲೆಯಾದ ಕಂಬಿಯ ಮ್ಯಾಶರ್ ಅಗ್ಗ, ತೊಳೆಯಲು ಸುಲಭ, ಒರಟಾಗಿ ತಿನ್ನುವವರಿಗೆ ಅದೇ ಸರಿ. ಆದರೆ ಕಂಬಿಯ ನಡುವೆ ತಪ್ಪಿಸಿಕೊಂಡ ಹೋಳಿಗಾಗಿ ಅದೇ ಜಾಗವನ್ನು ಹತ್ತು ಸಲ ಕುಟ್ಟಬೇಕಾಗುತ್ತದೆ. ತೂತಿನ ತಟ್ಟೆಯ ಮ್ಯಾಶರ್ ಅದಕ್ಕಿಂತ ಒಂದು ಮೆಟ್ಟಿಲು ಮೇಲು. ಹಿಡಿ ತಿರುಗಿಸುವ ಫುಡ್ ಮಿಲ್ ದೊಡ್ಡ ಅಡುಗೆಗೆ ರೈಸರ್‌ಗಿಂತ ಅನುಕೂಲ, ಎರಡು ಮೂರು ಕಿಲೋ ಇದ್ದಾಗ ಕೈ ಸೋಲುವುದಿಲ್ಲ. ಆದರೆ ಬಿಚ್ಚಿ ತೊಳೆಯುವ ಭಾಗಗಳು ಜಾಸ್ತಿ. ನಯಕ್ಕೆ ಎಲ್ಲಕ್ಕಿಂತ ಮೇಲು ಸಣ್ಣ ಕಣ್ಣಿನ ಜರಡಿ. ಅದರಲ್ಲಿ ತಿಕ್ಕಿ ಒರೆಸಬಾರದು, ಚಮಚದ ಬೆನ್ನಿನಿಂದ ನೇರ ಕೆಳಗೆ ಒತ್ತಬೇಕು. ರೈಸರ್‌ನಲ್ಲಿ ಒತ್ತಿದ್ದನ್ನೇ ಮತ್ತೆ ಜರಡಿಗೆ ಹಾಕಿದರೆ ಬರುವ ಮ್ಯಾಶ್ ರೇಷ್ಮೆಯಂತಿರುತ್ತದೆ, ಆದರೆ ವಾರದ ದಿನಗಳಲ್ಲಿ ಯಾರಿಗೂ ಅಷ್ಟು ಪುರುಸೊತ್ತಿರುವುದಿಲ್ಲ.

ರೈಸರ್‌ನ ದೋಷಗಳೂ ಕಡಿಮೆಯೇನಿಲ್ಲ. ಮೊದಲು ಸೋಲುವುದು ಕೀಲು. ತೆಳು ತಗಡಿನದಾದರೆ ಕೆಲವೇ ತಿಂಗಳಲ್ಲಿ ಪಿನ್ ಸಡಿಲವಾಗಿ ಬಿಲ್ಲೆ ಒಂದು ಬದಿಗೆ ವಾಲುತ್ತದೆ, ಆಗ ಒಂದು ಕಡೆ ಒತ್ತಿ ಇನ್ನೊಂದು ಕಡೆ ಉಕ್ಕುತ್ತದೆ. ಅಂಗಡಿಯಲ್ಲೇ ಪರೀಕ್ಷಿಸಬಹುದು: ಖಾಲಿ ರೈಸರ್ ಮುಚ್ಚಿ ಹಿಡಿಯನ್ನು ಎಡಬಲ ಅಲ್ಲಾಡಿಸಿ, ಬಿಲ್ಲೆ ಕಟಕಟ ಅಂದರೆ ಅಲ್ಲೇ ಬಿಟ್ಟುಬನ್ನಿ. ಬಿಲ್ಲೆಗೂ ಬಟ್ಟಲಿಗೂ ನಡುವಿನ ಸಂದು ಎಲ್ಲ ಕಡೆ ಒಂದೇ ಸಮ ಇರಬೇಕು. ತೂತು ಬುಡದಲ್ಲಿ ಮಾತ್ರ ಇರುವುದನ್ನೇ ಆರಿಸಿ. ಗೋಡೆಯಲ್ಲೂ ತೂತಿರುವ ಮಾದರಿಗಳಲ್ಲಿ ಎಳೆ ಪಕ್ಕಕ್ಕೂ ಚಿಮ್ಮಿ ಪಾತ್ರೆಯ ಹೊರಗೆ ಬೀಳುತ್ತದೆ. ಸ್ಟೀಲ್‌ನದೇ ಒಳ್ಳೆಯದು. ಅಲ್ಯೂಮಿನಿಯಂ ಹಗುರ, ಆದರೆ ಡಿಶ್‌ವಾಶರ್‌ಗೆ ಹಾಕಿದರೆ ಕಪ್ಪಾಗುತ್ತದೆ. ಹಿಡಿ ಉದ್ದವಿದ್ದಷ್ಟೂ ಬಲ ಕಡಿಮೆ ಸಾಕು. ಮಣಿಕಟ್ಟಿನ ನೋವಿರುವವರು ಪಾತ್ರೆಯ ಅಂಚಿಗೆ ಒರಗಿಸಲು ಕೊಕ್ಕೆ ಇರುವ ಮಾದರಿ ಹುಡುಕುವುದು ಲೇಸು.

ತಿನ್ನುವ ವಿಷಯದಲ್ಲಿ ನನ್ನ ಓಟು ಕಂದು ಬೆಣ್ಣೆಗೆ. ಬೆಣ್ಣೆಯನ್ನು ಸಣ್ಣ ಉರಿಯಲ್ಲಿ ಚಟಪಟ ನಿಂತು ತಳದ ಕಣಗಳು ಕಂದಾಗುವವರೆಗೆ ಕಾಯಿಸಿ, ಮ್ಯಾಶ್‌ನ ನಡುವೆ ಮಾಡಿದ ಗುಳಿಗೆ ಸುರಿಯುವುದು, ಅಷ್ಟೇ. ಅದಕ್ಕೆ ಮೆಣಸಿನಪುಡಿಯೂ ಬೇಡ. ಎರಡನೆಯದು ಬೆಳ್ಳುಳ್ಳಿ ಹಾಲು: ನಾಲ್ಕೈದು ಎಸಳನ್ನು ಹಾಲಿನಲ್ಲೇ ಮೆತ್ತಗಾಗುವಂತೆ ಬೇಯಿಸಿ, ಆಲೂಗಡ್ಡೆಯ ಜೊತೆಗೇ ರೈಸರ್‌ನಲ್ಲಿ ಒತ್ತಿದರೆ ಘಾಟಿಲ್ಲದೆ ಪರಿಮಳ ಮಾತ್ರ ಉಳಿಯುತ್ತದೆ.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿದರೆ ಮೂರು ದಿನ ನಡೆಯುತ್ತದೆ. ತಣ್ಣಗಾದಾಗ ಪಿಷ್ಟ ಮತ್ತೆ ಬಿಗಿದುಕೊಂಡು ಗಟ್ಟಿಯಾಗುವುದರಿಂದ, ಅದನ್ನು ಹಿಟ್ಟು ಸೇರಿಸದೆಯೇ ಒಂದೂವರೆ ಸೆಂ.ಮೀ. ದಪ್ಪಕ್ಕೆ ತಟ್ಟಿ ಕಾವಲಿಯ ಮೇಲೆ ಎಣ್ಣೆ ಬಿಟ್ಟು ಸುಡಬಹುದು. ನಾಲ್ಕೈದು ನಿಮಿಷ ಮುಟ್ಟಲೇಬಾರದು. ತಳದಲ್ಲಿ ಹೊಂಬಣ್ಣದ ಗರಿಗಟ್ಟುವ ಮೊದಲೇ ಮಗುಚಿದರೆ ಅರ್ಧ ಕಾವಲಿಗೇ ಅಂಟಿಕೊಳ್ಳುತ್ತದೆ.

ತೊಳೆಯುವುದು ಮಾತ್ರ ಊಟಕ್ಕೆ ಕೂರುವ ಮೊದಲೇ ಆಗಬೇಕು. ಒತ್ತಿ ಮುಗಿಸಿದ ತಕ್ಷಣ ನಲ್ಲಿಯ ಕೆಳಗೆ ಹಿಡಿದು ತೂತುಗಳಿಗೆ ಹೊರಗಿನಿಂದ ನೀರು ಬಿಟ್ಟರೆ ಅರ್ಧ ನಿಮಿಷದ ಕೆಲಸ. ಒಣಗಲು ಬಿಟ್ಟರೆ ಒಂದೊಂದು ತೂತನ್ನೂ ಕಡ್ಡಿಯಿಂದ ಚುಚ್ಚಿ ತೆಗೆಯಬೇಕಾಗುತ್ತದೆ.