ಇನ್ಶೂರೆನ್ಸ್ ತಗೊಳ್ಳದ ಮನೋವೈದ್ಯರ ಹತ್ತಿರ ಮೂರು ವರ್ಷ: ನನ್ನ ಲೆಕ್ಕದ ವಹಿ

ನಾನು ಬಾಗಲಕೋಟೆಯ ನವನಗರದವನು. ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. 2022ರ ಮಾರ್ಚ್ ಎಂಡಿಂಗ್ ಮುಗಿದ ಮೇಲೂ ನನಗೆ ನಿದ್ದೆ ವಾಪಸ್ ಬರಲಿಲ್ಲ. ಮೇ ಹೊತ್ತಿಗೆ ಎದೆ ಡವಡವ, ಕೈ ನಡುಕ. ಒಂದೇ ಲೆಕ್ಕವನ್ನು ನಾಲ್ಕು ಸಲ ಕೂಡಿದರೂ ನಂಬಿಕೆ ಇಲ್ಲ. ಇಸಿಜಿ ಆಯಿತು, ಥೈರಾಯ್ಡ್ ಆಯಿತು, ಎಲ್ಲಾ ನಾರ್ಮಲ್. ಕೊನೆಗೆ ನಮ್ಮ ಓಣಿಯ ಡಾಕ್ಟರೇ ಮನೋವೈದ್ಯರಿಗೆ ಒಮ್ಮೆ ತೋರಿಸಿ ಅಂದರು.

"ಹುಚ್ಚರ ಡಾಕ್ಟರ್ ಕಡೆ ನೀ ಯಾಕ ಹೋಗ್ತೀಯೋ?" ಎಂದು ಅವ್ವ ಅತ್ತಳು. ಬಾಗಲಕೋಟೆಯಲ್ಲೇ ತೋರಿಸಿದರೆ ಸಂಘದ ಸದಸ್ಯರು ಯಾರಾದರೂ ಪಕ್ಕದ ಬೆಂಚಿನಲ್ಲಿ ಸಿಗುತ್ತಾರೆ ಎಂಬ ಹೆದರಿಕೆ ನನಗೆ. ಅದಕ್ಕೇ ವಿಜಯಪುರ.

ಗೊತ್ತಿದ್ದವರು ಹೇಳಿದ ಕ್ಲಿನಿಕ್ಕಿಗೆ ಫೋನ್ ಮಾಡಿದೆ. "ಇನ್ಶೂರೆನ್ಸ್ ನಡೀತದೇನ್ರಿ?" "ಇಲ್ರಿ, ರೊಕ್ಕ ಕೊಡಬೇಕು." ಫೋನ್ ಇಟ್ಟುಬಿಟ್ಟೆ. ವರ್ಷ ವರ್ಷ ಪ್ರೀಮಿಯಂ ಕಟ್ಟುವ 5 ಲಕ್ಷದ ಪಾಲಿಸಿ ಇದೆ, ನಾನ್ಯಾಕೆ ಕೈಯಿಂದ ಕೊಡಲಿ? ಪಾಲಿಸಿಯ ಪಟ್ಟಿಯಲ್ಲಿ ಇದ್ದ ಒಂದು ದೊಡ್ಡ ಆಸ್ಪತ್ರೆಗೇ ಹೋದೆ. ಕೌಂಟರಿನ ಹುಡುಗ ಕಾರ್ಡ್ ತಿರುವಿ ನೋಡಿ ನಕ್ಕ. "ಇದು ಅಡ್ಮಿಟ್ ಆದರೆ ಮಾತ್ರ ಸರ್. ಒಪಿಡಿಗೆ ಕ್ಯಾಶ್." ಎರಡು ತಾಸು ಕಾದು, ಐದು ನಿಮಿಷ ಮಾತಾಡಿ, 600 ರೂಪಾಯಿ ಕೊಟ್ಟು ಹೊರಗೆ ಬಂದೆ.

ಆಗ ಪಾಲಿಸಿ ಪುಸ್ತಕ ತೆಗೆದು ಓದಿದೆ. ಓದಬೇಕಾದದ್ದು ಮೊದಲೇ, ಅಲ್ವಾ? ಮನಸ್ಸಿನ ಕಾಯಿಲೆಗೂ ವಿಮೆ ಇದೆ ಎಂದು ಏಜೆಂಟ್ ಹೇಳಿದ್ದು ಸುಳ್ಳೇನಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ದೇಹದ ಕಾಯಿಲೆಗೆ ಹೇಗೋ ಹಾಗೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಅದರಂತೆ ನಡೆಯಿರಿ ಎಂದು ವಿಮಾ ನಿಯಂತ್ರಕರಾದ ಐಆರ್‌ಡಿಎಐ 2018ರಲ್ಲೂ 2022ರಲ್ಲೂ ಕಂಪನಿಗಳಿಗೆ ಬರೆದಿದೆ. ಆದರೆ ನಮ್ಮಲ್ಲಿ ಸಾಮಾನ್ಯ ಪಾಲಿಸಿ ಅಂದರೆ ಆಸ್ಪತ್ರೆಯಲ್ಲಿ 24 ತಾಸು ಮಲಗಬೇಕು. ಜ್ವರಕ್ಕೆ ಚೀಟಿ ಬರೆಸಿದರೂ ದುಡ್ಡು ಬರಲ್ಲ, ಆತಂಕಕ್ಕೆ ಬರೆಸಿದರೂ ಬರಲ್ಲ. ಸಮಾನತೆ ಇದೆ, ನಿಜ! ತೊಂದರೆ ಏನೆಂದರೆ ನನ್ನಂಥವನ ಚಿಕಿತ್ಸೆ ಪೂರಾ ಒಪಿಡಿಯಲ್ಲೇ ಮುಗಿಯುತ್ತದೆ.

ಒಪಿಡಿ ಸೇರಿಸಿದರೆ ಹೇಗೆ ಅಂತ ಏಜೆಂಟನ್ನು ಕೇಳಿದೆ. ವರ್ಷಕ್ಕೆ 3,800 ಜಾಸ್ತಿ ಕಟ್ಟಬೇಕು, ಸಿಗುವುದು 5,000ದವರೆಗೆ, ಅದೂ ಅವರ ಪಟ್ಟಿಯ ಡಾಕ್ಟರ ಹತ್ತಿರ. 1,200 ರೂಪಾಯಿಗಾಗಿ ಡಾಕ್ಟರನ್ನೇ ಬದಲಿಸುವುದು ನನಗೆ ಸರಿ ಕಾಣಲಿಲ್ಲ.

ಹಾಗೆ ಮತ್ತೆ ಆ ರೊಕ್ಕದ ಕ್ಲಿನಿಕ್ಕಿಗೇ ಬಂದೆ. ಮೊದಲ ಸಲ 700, ಆಮೇಲೆ 500. ಮೊದಲ ದಿನ ಡಾಕ್ಟರ್ ಮುಕ್ಕಾಲು ತಾಸು ಮಾತಾಡಿದರು. ಮಾರ್ಚ್ ಎಂಡಿಂಗ್ ಅಂದರೆ ಏನು ಎಂದು ಕೇಳಿ ತಿಳಿದುಕೊಂಡರು. ಆತಂಕಕ್ಕೆ ಎಸ್ಸಿಟಾಲೋಪ್ರಾಮ್ ಎಂಬ ಮಾತ್ರೆ ಬರೆದರು. ಎರಡು ಮೂರು ವಾರ ಏನೂ ಅನಿಸಲ್ಲ, ಮೊದಲು ಹೊಟ್ಟೆ ತೊಳಸಬಹುದು, ಮಧ್ಯದಲ್ಲಿ ಬಿಡಬೇಡಿ ಅಂದರು. ಹಾಗೇ ಆಯಿತು. ನಿದ್ದೆಗೆ ಕೊಟ್ಟ ಕ್ಲೋನಜೆಪಾಮ್ ಅನ್ನು ಮೂರನೇ ವಾರದಿಂದಲೇ ಇಳಿಸಿ ನಿಲ್ಲಿಸಿದರು, ಅದು ಅಂಟಿಕೊಳ್ಳುವ ಮಾತ್ರೆ ಎಂದು. ಊರಿನ ಕಣ್ಣಿಗೆ ಹೆದರಿ ಇಷ್ಟು ದೂರ ಬಂದವನ ಹೆಸರನ್ನು ಆ ಮಾತ್ರೆಗಾಗಿ ಮೆಡಿಕಲ್ ಅಂಗಡಿಯವ ರಿಜಿಸ್ಟರಿನಲ್ಲಿ ಬರೆದುಕೊಂಡ. ಒಂದು ತಿಂಗಳು ಅದೇ ಚಿಂತೆ.

ಈಗ ವಹಿ. ಮೊದಲ ವರ್ಷ 11 ಭೇಟಿ, ಫೀ 5,700. ಬಸ್ಸು, ಆಟೋ, ಊಟ ಸಲಕ್ಕೆ 400ರಂತೆ 4,400. ಮಾತ್ರೆ ತಿಂಗಳಿಗೆ 450, ವರ್ಷಕ್ಕೆ 5,400. ಒಟ್ಟು 15,500. ಕೊಲ್ಹಾರದಲ್ಲಿ ಬಸ್ ನಿಂತಾಗ ತಂದ ಮೊಸರಿನ ಗಡಿಗೆಗಳನ್ನು ಇದರಲ್ಲಿ ಹಿಡಿದಿಲ್ಲ. ಎರಡನೇ ವರ್ಷ 6 ಭೇಟಿ. ಡಾಕ್ಟರನ್ನು ಕೇಳಿಯೇ ಮಾತ್ರೆಯನ್ನು ಜನೌಷಧಿ ಕೇಂದ್ರಕ್ಕೆ ಬದಲಿಸಿದೆ, ತಿಂಗಳಿಗೆ 120ಕ್ಕೆ ಬಂತು. ಒಟ್ಟು 6,840. ಮೂರನೇ ವರ್ಷವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ನನ್ನ ಖರ್ಚು ಇಳಿದದ್ದು ಮಾತ್ರೆ ಅಂಗಡಿಯಲ್ಲಿ ಮತ್ತು ಬಸ್ ಸ್ಟ್ಯಾಂಡಿನಲ್ಲಿ. ಇನ್ಶೂರೆನ್ಸ್ ಇದರಲ್ಲಿ ಎಲ್ಲೂ ಇಲ್ಲ.

ಅಡ್ಮಿಟ್ ಮಾಡುವ ಹಂತ ಬಂದರೆ ಮಾತ್ರ ಈ ಲೆಕ್ಕ ಪೂರಾ ಉಲ್ಟಾ. ಕಳೆದ ವರ್ಷ ಅಕ್ಕನ ಮಗನಿಗೆ ಮೇನಿಯಾ ಏರಿತು. ನಾಲ್ಕು ದಿನ ನಿದ್ದೆ ಇಲ್ಲ, ಕೈಗೆ ಸಿಕ್ಕಿದ್ದನ್ನೆಲ್ಲಾ ಹಂಚುತ್ತಿದ್ದ. ನನ್ನ ಡಾಕ್ಟರೇ, ನನ್ನಲ್ಲಿ ಹಾಸಿಗೆ ಇಲ್ಲ, ಕ್ಯಾಶ್‌ಲೆಸ್ ಇರುವಲ್ಲಿಗೆ ಒಯ್ಯಿರಿ ಎಂದು ಚೀಟಿ ಬರೆದರು. ಬೆಳಗಾವಿಯಲ್ಲಿ 9 ದಿನ. ಬಿಲ್ಲಿನ ಹೆಚ್ಚಿನ ಪಾಲು ವಿಮಾ ಕಂಪನಿಯೇ ಕಟ್ಟಿತು. ಪಕ್ಕದ ಹಾಸಿಗೆಯವರಿಗೆ ಆ ಅದೃಷ್ಟ ಇರಲಿಲ್ಲ. ಅವರದು ಕುಡಿತ ಬಿಡಿಸುವ ಚಿಕಿತ್ಸೆ. ಪಾಲಿಸಿಗಳಲ್ಲಿ ಚಟದ ಚಿಕಿತ್ಸೆಯನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ.

ನನ್ನ ಗೆಳೆಯನೊಬ್ಬ ಬೇರೆಯೇ ಕಾರಣಕ್ಕೆ ರೊಕ್ಕದ ಡಾಕ್ಟರನ್ನು ಹಿಡಿದಿದ್ದಾನೆ. ದಾಖಲೆ ಬೇಡ, ಹೊಸ ಪಾಲಿಸಿ ಮಾಡಿಸುವಾಗ ಹೇಳದಿದ್ದರಾಯಿತು ಎಂದು. ಅದು ದಡ್ಡತನ ಅಂತ ಅವನಿಗೂ ಹೇಳಿದ್ದೇನೆ. ಹೇಳಿ ಮಾಡಿಸಿದರೆ ಹಳೆ ಕಾಯಿಲೆಗೆ ಈಗ ಹೆಚ್ಚೆಂದರೆ 3 ವರ್ಷ ಕಾಯಬೇಕು. ಮುಚ್ಚಿಟ್ಟದ್ದು ಕ್ಲೇಮ್ ಹೊತ್ತಿಗೆ ಗೊತ್ತಾದರೆ ಪಾಲಿಸಿಯೇ ಹೋಗಬಹುದು.

500 ರೂಪಾಯಿಯೂ ಭಾರ ಎನ್ನುವವರು ನನ್ನ ದಾರಿ ಹಿಡಿಯಬೇಕಿಲ್ಲ. ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಒಂದು ರಾತ್ರಿ ನಾನೇ ಫೋನ್ ಮಾಡಿದ್ದೇನೆ, ಮಾತ್ರೆ ಮರೆತು ಎರಡು ದಿನ ಆಗಿ ತಲೆ ತಿರುಗುತ್ತಿದ್ದಾಗ. ಕನ್ನಡದಲ್ಲೇ ಮಾತಾಡಿದರು, ದುಡ್ಡಿಲ್ಲ.

ನನ್ನ ಕ್ಲಿನಿಕ್ಕಿಗೆ ಐದಕ್ಕೆ 4 ಕೊಡುತ್ತೇನೆ. ಸಂಜೆ 6ರ ಮೇಲೆ ಫೋನ್ ಎತ್ತಲ್ಲ, ಅದನ್ನು ಸಹಿಸಿಕೊಂಡಿದ್ದೇನೆ. ಒಂದು ಅಂಕ ಕಡಿದದ್ದು ರಸೀದಿಗೆ. ಲೆಕ್ಕ ಬರೆಯುವವನಿಗೆ ಮೂರು ವರ್ಷದಿಂದ "ಪ್ರಿಂಟರ್ ಕೆಟ್ಟೈತ್ರಿ" ಎಂದೇ ಹೇಳುತ್ತಿದ್ದಾರೆ. ಹೋದ ತಿಂಗಳು ಹಟ ಹಿಡಿದು ಕುಳಿತೆ. ಕಾಂಪೌಂಡರ್ ಒಂದು ಚೀಟಿಯ ಹಿಂದೆ 500 ಎಂದು ಬರೆದು, ಸಹಿ ಹಾಕಿ ಕೊಟ್ಟ. ತಾರೀಖು ಹಾಕುವುದು ಮರೆತಿದ್ದ.